ಚುಕ್ಕಿ ಸೇರಿದರೆ ಸಾಲದು: ಟ್ರಯಂಫ್ 650 ಟ್ವಿನ್‌ನ ಕ್ಯಾಮ್ ಟೈಮಿಂಗ್

ಬೆಂಚಿನ ಮೇಲಿರುವುದು ಟ್ರಯಂಫ್ ಟಿ120 ಬಾನ್‌ವಿಲ್. 71 ಮಿ.ಮೀ. ಬೋರ್, 82 ಮಿ.ಮೀ. ಸ್ಟ್ರೋಕ್, 649 ಸಿಸಿ. ಇಂಗ್ಲೆಂಡಿನ ಮೆರಿಡನ್ ಕಾರ್ಖಾನೆ 1963ರಿಂದ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಒಂದೇ ಕೇಸಿನಲ್ಲಿ ಇಟ್ಟು ಮಾಡಿದ ಮಾದರಿ. ಎರಡು ಪಿಸ್ಟನ್‌ಗಳು ಜೊತೆಯಾಗಿ ಏರುತ್ತವೆ, ಜೊತೆಯಾಗಿ ಇಳಿಯುತ್ತವೆ. ಒಂದು ಸಿಡಿದು 360 ಡಿಗ್ರಿಯ ನಂತರ ಇನ್ನೊಂದು ಸಿಡಿಯುತ್ತದೆ. ವಾಲ್ವ್ ತೆರೆಸುವ ಉಬ್ಬುಗಳಿರುವ ದಂಡ, ಅಂದರೆ ಕ್ಯಾಮ್‌ಶಾಫ್ಟ್, ಎರಡು: ಗಾಳಿ-ಪೆಟ್ರೋಲ್ ಒಳಬಿಡುವ ಇನ್‌ಲೆಟ್ ವಾಲ್ವ್‌ನದು ಸಿಲಿಂಡರಿನ ಹಿಂದೆ, ಹೊಗೆ ಹೊರಬಿಡುವ ಎಕ್ಸಾಸ್ಟ್‌ನದು ಮುಂದೆ. ಒಂದೊಂದು ಕ್ಯಾಮ್‌ಶಾಫ್ಟ್‌ನಲ್ಲೂ ಎಡ-ಬಲ ಸಿಲಿಂಡರಿಗೆ ತಲಾ ಒಂದು ಉಬ್ಬು. ಕ್ರ್ಯಾಂಕ್ ಎಲ್ಲಿರುವಾಗ ಈ ಉಬ್ಬು ವಾಲ್ವ್ ತೆರೆದು ಮುಚ್ಚುತ್ತದೆ ಎಂಬುದೇ ಕ್ಯಾಮ್ ಟೈಮಿಂಗ್. ಎಡ್ವರ್ಡ್ ಟರ್ನರ್ 1937ರ ಸ್ಪೀಡ್ ಟ್ವಿನ್‌ಗೆ ಹಾಕಿಕೊಟ್ಟ ವಿನ್ಯಾಸವೇ ಇದು.

ಮೈಸೂರಿನ ಜಾವಾ, ಯೆಜ್ಡಿಯಲ್ಲಿ ಕೈ ಪಳಗಿದವರಿಗೆ ಇದು ಹೊಸ ಲೋಕ. ಟೂ-ಸ್ಟ್ರೋಕ್‌ನಲ್ಲಿ ಕ್ಯಾಮ್ ಎಂಬುದೇ ಇಲ್ಲ, ಬ್ಯಾರೆಲ್‌ನಲ್ಲಿ ಪೋರ್ಟ್ ಎಷ್ಟು ಎತ್ತರದಲ್ಲಿದೆಯೋ ಅದೇ ಟೈಮಿಂಗ್. ಹಳೆಯ ಬುಲೆಟ್ ಬಿಚ್ಚಿದವರು ಟೈಮಿಂಗ್ ಗೇರಿನ ಮೇಲೆ ಜೋಡಣೆಯ ಗುರುತಾಗಿ ಕೊಟ್ಟ ಚುಕ್ಕಿ ನೋಡಿರುತ್ತಾರೆ. ಆದರೆ ಬುಲೆಟ್‌ನ ಅಭ್ಯಾಸ ಇಲ್ಲಿ ಕೈ ಕೊಡುತ್ತದೆ. ಅಲ್ಲಿ ಕ್ರ್ಯಾಂಕ್ ಎರಡು ಸುತ್ತು ಹಾಕಿದರೆ ಚುಕ್ಕಿಗಳು ಮತ್ತೆ ಎದುರುಬದುರಾಗುತ್ತವೆ. ಇಲ್ಲಿ ಎರಡು ಸುತ್ತಲ್ಲ, ಇಪ್ಪತ್ತು ಸುತ್ತು ಹಾಕಿದರೂ ಬರುವುದಿಲ್ಲ.

ಹಲ್ಲಿನ ಲೆಕ್ಕ

ಕ್ರ್ಯಾಂಕ್ ಪಿನಿಯನ್‌ಗೆ 25 ಹಲ್ಲು, ಎರಡೂ ಕ್ಯಾಮ್ ಗೇರ್‌ಗಳಿಗೆ 50, ನಡುವಿನ ಇಡ್ಲರ್ ಗೇರ್‌ಗೆ 47. ಈ 47 ಬೇಕೆಂದೇ ಇಟ್ಟದ್ದು. ಅದೇ ಎರಡು ಹಲ್ಲು ಪದೇ ಪದೇ ಡಿಕ್ಕಿಯಾಗಿ ಒಂದೇ ಜಾಗ ಸವೆಯಬಾರದು, ಸವೆತ ಎಲ್ಲ ಹಲ್ಲಿಗೂ ಹಂಚಿಹೋಗಬೇಕು ಎಂಬ ಉಪಾಯ. ಪರಿಣಾಮ ಏನೆಂದರೆ ಮೂರು ಕಡೆಯ ಗುರುತೂ ಒಟ್ಟಿಗೆ ಸೇರಬೇಕಾದರೆ ಕ್ರ್ಯಾಂಕ್ 94 ಸುತ್ತು ತಿರುಗಬೇಕು. ಟೈಮಿಂಗ್ ಕವರ್ ಬಿಚ್ಚಿದಾಗ ಗುರುತುಗಳು ಎಲ್ಲೆಲ್ಲೋ ಕಂಡರೆ ಯಾರೋ ತಪ್ಪು ಜೋಡಿಸಿದ್ದಾರೆ ಎಂದು ಗೇರ್ ಎಳೆಯಲು ಹೋಗಬೇಡಿ. ತೊಂಬತ್ತನಾಲ್ಕರಲ್ಲಿ ತೊಂಬತ್ತಮೂರು ಸಲ ಅದು ಹಾಗೆಯೇ ಕಾಣುವುದು.

ಇಡ್ಲರ್‌ನ ಯಾವ ಹಲ್ಲು ಯಾವುದಕ್ಕೆ ಕಚ್ಚಿತು ಎಂಬುದಕ್ಕೆ ಸ್ವತಃ ಅರ್ಥವಿಲ್ಲ. ಕ್ರ್ಯಾಂಕ್ ಮತ್ತು ಕ್ಯಾಮ್ ಎರಡನ್ನೂ ಅಲ್ಲಾಡದಂತೆ ಹಿಡಿದು ಇಡ್ಲರ್ ಹೊರತೆಗೆದು, ಬೇರೆ ಹಲ್ಲಿಗೆ ತಿರುಗಿಸಿ ಮತ್ತೆ ಹಾಕಿದರೂ ಟೈಮಿಂಗ್ ಒಂದಿನಿತೂ ಬದಲಾಗದು. ಅದರ ಮೇಲಿನ ಗುರುತು ಜೋಡಿಸುವವನ ಅನುಕೂಲಕ್ಕೆ ಮಾತ್ರ.

ಕ್ಯಾಮ್ ಗೇರ್ ಒಂದು ಹಲ್ಲು ಸರಿದರೆ ಕ್ಯಾಮ್‌ನಲ್ಲಿ 7.2 ಡಿಗ್ರಿ, ಕ್ರ್ಯಾಂಕ್‌ನಲ್ಲಿ 14.4 ಡಿಗ್ರಿ. ಇದು ದೊಡ್ಡ ನೆಗೆತ, ಹೊಂದಾಣಿಕೆಗೆ ಉಪಯೋಗವಿಲ್ಲ. ಅದಕ್ಕೇ ಕ್ಯಾಮ್ ಗೇರ್‌ನ ತೂತಿನಲ್ಲಿ 120 ಡಿಗ್ರಿಗೊಂದರಂತೆ ಮೂರು ಕೀವೇ (ಗೇರನ್ನು ಶಾಫ್ಟ್‌ಗೆ ಹಿಡಿಸುವ ಕೀ ಎಂಬ ಲೋಹದ ತುಂಡು ಕೂರುವ ಸೀಳು) ಕೊಟ್ಟಿದ್ದಾರೆ. 50ನ್ನು 3ರಿಂದ ಭಾಗಿಸಿದರೆ ಪೂರ್ಣ ಸಂಖ್ಯೆ ಬರುವುದಿಲ್ಲ, 16 ಹಲ್ಲು ಮತ್ತು ಮೂರನೇ ಎರಡು ಭಾಗ. ಆದ್ದರಿಂದ ಕೀವೇ ಬದಲಿಸಿದಾಗ ಹಲ್ಲಿನ ಮೂರನೇ ಒಂದು ಭಾಗದಷ್ಟು ಸರಿಸಲು ಸಿಗುತ್ತದೆ: ಕ್ರ್ಯಾಂಕ್ ಲೆಕ್ಕದಲ್ಲಿ 4.8 ಡಿಗ್ರಿ. ಇಡೀ ಕೆಲಸದ ಅಳತೆಗೋಲು ಇದೇ. ತಪ್ಪು 2.4 ಡಿಗ್ರಿಗಿಂತ ಕಡಿಮೆಯಿದ್ದರೆ ಮುಟ್ಟಿ ಲಾಭವಿಲ್ಲ; ಸರಿಸಿದರೆ ಆ ಕಡೆ ಇನ್ನೂ ದೂರ ಹೋಗುತ್ತದೆ.

ಗುರುತು ಸೇರಿದ ಮೇಲೂ ಅಳೆಯುವುದೇಕೆ? ಗುರುತು ಒಂದು ನಿರ್ದಿಷ್ಟ ಕೀವೇಗೆ ಮಾತ್ರ ಸರಿ. ಐವತ್ತು-ಅರವತ್ತು ವರ್ಷಗಳಲ್ಲಿ ಎಷ್ಟು ಕೈ ಬದಲಾಗಿದೆಯೋ, ಗೇರ್ ಎಷ್ಟು ಸಲ ಬಿಚ್ಚಿ ಬೇರೆ ಕೀವೇಯಲ್ಲಿ ಕೂರಿಸಿದ್ದಾರೋ ಹೊರಗಿನಿಂದ ಗೊತ್ತಾಗದು. ನಕಲು ತಯಾರಿಕೆಯ ಗೇರ್, ಮರುಗ್ರೈಂಡ್ ಮಾಡಿದ ಕ್ಯಾಮ್, ಬೇರೆ ಪಾದದ ಟ್ಯಾಪೆಟ್ (ಕ್ಯಾಮ್ ಉಬ್ಬಿನ ಮೇಲೆ ಕೂತು ಏರಿಳಿಯುವ ತುಂಡು), ಇವುಗಳಲ್ಲಿ ಒಂದಿದ್ದರೂ ಗುರುತು ಸುಳ್ಳು ಹೇಳಬಹುದು. ವಾಲ್ವ್ ಯಾವಾಗ ತೆರೆಯುತ್ತದೆ ಎಂಬುದನ್ನು ವಾಲ್ವ್ ಹತ್ತಿರವೇ ಕೇಳಬೇಕು.

ಸಾಮಾನು

ಕ್ರ್ಯಾಂಕ್ ಎಷ್ಟು ತಿರುಗಿತೆಂದು ಓದುವ ಡಿಗ್ರಿ ಚಕ್ರ ದೊಡ್ಡದಿದ್ದಷ್ಟೂ ಒಳ್ಳೆಯದು. 250 ಮಿ.ಮೀ. ವ್ಯಾಸದ್ದರ ಅಂಚಿನಲ್ಲಿ ಒಂದು ಡಿಗ್ರಿ 2.2 ಮಿ.ಮೀ. ಅಗಲ ಬರುತ್ತದೆ, ಕಣ್ಣಳತೆಗೆ ಅರ್ಧ ಡಿಗ್ರಿಯೂ ಸಿಗುತ್ತದೆ. ಹಳೆಯ ಸಿ.ಡಿ.ಗೆ ಕಾಗದ ಅಂಟಿಸಿದರೆ ಒಂದು ಮಿ.ಮೀ. ಚಿಲ್ಲರೆ ಅಷ್ಟೆ; ಬುಲೆಟ್‌ನ ಇಗ್ನಿಷನ್‌ಗೆ ನಡೆದೀತು, ಇಲ್ಲಿಗೆ ಸಾಲದು. ಪ್ರಿಂಟ್ ತೆಗೆದ ಚಕ್ರವನ್ನು 2 ಮಿ.ಮೀ. ಅಲ್ಯೂಮಿನಿಯಂ ತಗಡಿಗೆ ಅಂಟಿಸಿದರೆ ಸಾಕು, ಆದರೆ ನಡುವಿನ ತೂತು ಲೇತ್‌ನಲ್ಲೇ ಆಗಬೇಕು. ತೂತು ಓರೆಯಾದರೆ ಒಂದು ಬದಿಯ ಓದು ಹೆಚ್ಚು, ಇನ್ನೊಂದು ಬದಿಯದು ಕಡಿಮೆ. 0ಯಿಂದ 360ರವರೆಗೆ ಒಂದೇ ಸಮನೆ ಅಂಕಿ ಇರುವ ಚಕ್ರ ಇಟ್ಟುಕೊಳ್ಳಿ, 90-0-90 ಮಾದರಿಯಲ್ಲಿ ತಲೆ ಕೆಡುತ್ತದೆ.

0.01 ಮಿ.ಮೀ. ಓದುವ, 10 ಮಿ.ಮೀ. ಓಡುವ ಡಯಲ್ ಗೇಜ್ ಮತ್ತು ಅದಕ್ಕೊಂದು ಗಟ್ಟಿ ಸ್ಟ್ಯಾಂಡ್. ಸಿಲಿಂಡರಿನ ತಲೆ ಅಲ್ಯೂಮಿನಿಯಂ, ಮ್ಯಾಗ್ನೆಟ್ ಹಿಡಿಯದು. ರಾಕರ್ ಬಾಕ್ಸ್‌ನ ಸ್ಟಡ್‌ಗೆ ಕಬ್ಬಿಣದ ಪಟ್ಟಿಯೊಂದನ್ನು ಬಿಗಿದು ಅದರ ಮೇಲೆ ಮ್ಯಾಗ್ನೆಟ್ ಕೂರಿಸಬೇಕು. ಫೀಲರ್ ಗೇಜ್. ಕ್ಯಾಮ್ ಗೇರ್ ಎಳೆಯುವ ಪುಲ್ಲರ್. ಟ್ರಯಂಫ್‌ಗೆಂದೇ ಮಾಡಿದ್ದು, ಸಿಕ್ಕಿದ ಮೂರು ಕಾಲಿನ ಪುಲ್ಲರ್ ಹಾಕಿದರೆ ಹಲ್ಲಿನ ಅಂಚು ಒಡೆಯುತ್ತದೆ. ಉಗುರುಬಣ್ಣ ಎರಡು ಬಣ್ಣದ್ದು.

ಪ್ಲಗ್ ತೂತಿನಲ್ಲಿ ಕೂತು ಪಿಸ್ಟನ್ ಮೇಲ್ತುದಿ ಮುಟ್ಟದಂತೆ ತಡೆಯುವ ಪಿಸ್ಟನ್ ಸ್ಟಾಪ್ ಅಂಗಡಿಯಿಂದ ತರಬೇಕಿಲ್ಲ. ಪ್ಲಗ್ 14 ಮಿ.ಮೀ. ಥ್ರೆಡ್‌ನ ಉದ್ದ ಪಾದದ್ದು. ಸತ್ತ ಪ್ಲಗ್ ಒಂದರ ಪಿಂಗಾಣಿ ಒಡೆದು ತೆಗೆದು ಉಳಿದ ಲೋಹಕ್ಕೆ ಟ್ಯಾಪ್ ಹಾಕಿ ಬೋಲ್ಟ್ ತೂರಿಸಿ. ಬೋಲ್ಟ್ ತುದಿ ಗುಂಡಗಿರಲಿ, ಚೂಪು ತುದಿ ಪಿಸ್ಟನ್ ತಲೆಗೆ ಗಾಯ ಮಾಡುತ್ತದೆ.

ಬಿಚ್ಚುವುದು

ಎರಡೂ ಪ್ಲಗ್ ತೆಗೆಯಿರಿ. ರಾಕರ್ ಬಾಕ್ಸ್‌ನ ನಾಲ್ಕು ಮುಚ್ಚಳ ತೆಗೆಯಿರಿ. ಎಡಗಡೆ ಪ್ರೈಮರಿ ಕವರ್, ಬಲಗಡೆ ಟೈಮಿಂಗ್ ಕವರ್. ಟೈಮಿಂಗ್ ಕವರ್‌ಗೆ ಮೊದಲು ಸ್ಪಾರ್ಕ್‌ನ ಸಮಯ ನಿರ್ಧರಿಸುವ ಕಾಂಟ್ಯಾಕ್ಟ್ ಬ್ರೇಕರ್ ಹೊರಬರಬೇಕು. ಅದು ಎಕ್ಸಾಸ್ಟ್ ಕ್ಯಾಮ್‌ನ ತುದಿಯಲ್ಲಿ ಟೇಪರ್ ಮೇಲೆ ಕೂತಿರುತ್ತದೆ. ಬೇಸ್ ಪ್ಲೇಟಿಗೂ ಕವರ್‌ಗೂ ಅಡ್ಡಲಾಗಿ ಒಂದು ಗೀರು ಎಳೆದುಕೊಂಡು, ನಡುವಿನ ಬೋಲ್ಟ್ ತೆಗೆದು, ಎಳೆಯುವ ಬೋಲ್ಟ್ ತಿರುಗಿಸಿ ಟೇಪರ್ ಬಿಡಿಸಿ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ, ವೇಗ ಏರಿದಂತೆ ಸ್ಪಾರ್ಕನ್ನು ಬೇಗ ಮಾಡುವ ಅಡ್ವಾನ್ಸ್ ಯೂನಿಟ್‌ನ ತೂಕಗಳು ಸೊಟ್ಟಗಾಗುತ್ತವೆ.

ಆಮೇಲೆ ಆಯಿಲ್ ಪಂಪ್. ಇನ್‌ಲೆಟ್ ಕ್ಯಾಮ್ ನಟ್‌ನ ಮೇಲಿರುವ ಗೂಟವೇ ಪಂಪನ್ನು ಮೇಲೆ ಕೆಳಗೆ ಆಡಿಸುವುದು. ಪಂಪ್ ತೆಗೆದ ಮೇಲೆ ಕ್ಯಾಮ್‌ಗೆ ಎಣ್ಣೆ ಹೋಗುವುದಿಲ್ಲ, ಕೈಯಿಂದ ಸುತ್ತಿಸುವುದಕ್ಕೂ ಮೊದಲು ಟ್ಯಾಪೆಟ್‌ಗಳ ಮೇಲೆ ಎಣ್ಣೆ ಸುರಿಯಿರಿ.

ಎರಡೂ ಕ್ಯಾಮ್ ನಟ್ ಉಲ್ಟಾ ಥ್ರೆಡ್. ಪ್ರದಕ್ಷಿಣವಾಗಿ ತಿರುಗಿಸಿದರೆ ಬಿಚ್ಚುತ್ತದೆ. ಇದನ್ನು ಮರೆತು ಉದ್ದ ಪೈಪ್ ಹಾಕಿ ಎಳೆದವರು ಕ್ಯಾಮ್‌ಶಾಫ್ಟ್ ತುದಿ ಮುರಿದುಕೊಂಡರೆ, ಹೊಸ ಕ್ಯಾಮ್ ಹಾಕಲು ಕ್ರ್ಯಾಂಕ್‌ಕೇಸನ್ನೇ ಎರಡಾಗಿ ಬಿಡಿಸಬೇಕು. ಕ್ರ್ಯಾಂಕ್ ಪಿನಿಯನ್ ನಟ್ ಮಾತ್ರ ಸಾಮಾನ್ಯ ಥ್ರೆಡ್. ಅದನ್ನು ಬಿಚ್ಚುವ ಅಗತ್ಯವೇ ಇಲ್ಲ. ಗೇರ್ ಎಳೆಯುವ ಮುನ್ನ, ಈಗ ಕೀ ಕೂತಿರುವ ಕೀವೇಗೆ ಕೆಂಪು ಉಗುರುಬಣ್ಣ ಹಚ್ಚಿ. ಸದ್ಯಕ್ಕೆ ಎಳೆಯಬೇಡಿ, ಮೊದಲು ಇರುವುದನ್ನೇ ಅಳೆಯೋಣ.

ಟಿಡಿಸಿ (ಪಿಸ್ಟನ್‌ನ ಮೇಲ್ತುದಿ) ಮತ್ತು ಸುತ್ತಿಸುವ ದಿಕ್ಕು

ಡಿಗ್ರಿ ಚಕ್ರ ಎಡಗಡೆ, ಆಲ್ಟರ್ನೇಟರ್ ರೋಟರ್ ನಟ್ ಕೆಳಗೆ. ಇಲ್ಲೊಂದು ಬಲೆಯಿದೆ. ಎಂಜಿನ್ ಮುಂದಕ್ಕೆ ತಿರುಗುವಾಗ ಬಲಗಡೆಯಿಂದ ನೋಡಿದರೆ ಪ್ರದಕ್ಷಿಣ, ಎಡಗಡೆಯಿಂದ ನೋಡಿದರೆ ಅಪ್ರದಕ್ಷಿಣ. ರೋಟರ್ ನಟ್ ಸಾಮಾನ್ಯ ಥ್ರೆಡ್. ಸ್ಪ್ಯಾನರ್ ಅಲ್ಲಿ ಹಾಕಿ ಮುಂದಕ್ಕೆ ಸುತ್ತಿಸಿದರೆ ನಟ್ ಸಡಿಲವಾಗುತ್ತದೆ, ಚಕ್ರ ಜಾರುತ್ತದೆ, ಅಲ್ಲಿಯವರೆಗಿನ ಓದೆಲ್ಲ ವ್ಯರ್ಥ. ಜಾರಿದ್ದು ಗೊತ್ತೇ ಆಗದಿರುವುದು ಇನ್ನೂ ಕೆಟ್ಟದ್ದು. ಆದ್ದರಿಂದ ಸುತ್ತಿಸುವುದು ಬಲಗಡೆಯಿಂದ, ಕ್ರ್ಯಾಂಕ್ ಪಿನಿಯನ್ ನಟ್‌ಗೆ ಉದ್ದ ಸಾಕೆಟ್ ಹಾಕಿ. ಅಲ್ಲಿ ಮುಂದಕ್ಕೆ ಎಂದರೆ ಬಿಗಿಯುವ ದಿಕ್ಕು. ನಟ್‌ನಿಂದ ಹೊರಚಾಚಿರುವ ಕ್ರ್ಯಾಂಕ್ ತುದಿಗೆ ಸಾಕೆಟ್ ತಗುಲದಂತೆ ನೋಡಿಕೊಳ್ಳಿ. ಎಣ್ಣೆ ಕ್ರ್ಯಾಂಕ್ ಒಳಗೆ ಹೋಗುವುದು ಅಲ್ಲಿಂದಲೇ, ಅದರ ನುಣುಪು ಮೈ ಮೇಲೆ ಸೀಲ್ ಕೂರುತ್ತದೆ. ಒಬ್ಬರು ಸುತ್ತಿಸಿ ಇನ್ನೊಬ್ಬರು ಓದುವುದು ಒಳ್ಳೆಯದು. ಒಬ್ಬರೇ ಇದ್ದರೆ ಟಾಪ್ ಗೇರ್ ಹಾಕಿ ಹಿಂದಿನ ಚಕ್ರದಿಂದಲೂ ಸುತ್ತಿಸಬಹುದು, ಆದರೆ ಎರಡು ಚೈನ್‌ಗಳ ಸಡಿಲ ಸೇರಿ ಬೇಕಾದ ಕಡೆ ನಿಲ್ಲಿಸುವುದು ಕಷ್ಟ.

ಪಿಸ್ಟನ್ ಮೇಲ್ತುದಿಯಲ್ಲಿ ಕೆಲವು ಡಿಗ್ರಿ ಅಲ್ಲಾಡದೆ ನಿಂತಂತೆ ಇರುತ್ತದೆ. ಪ್ಲಗ್ ತೂತಿನಲ್ಲಿ ಕಡ್ಡಿ ಹಾಕಿ ಟಿಡಿಸಿ ಹುಡುಕುವವರು ಮೂರು-ನಾಲ್ಕು ಡಿಗ್ರಿ ಆಚೀಚೆ ಆಗುವುದು ಇದರಿಂದಲೇ, ಅಷ್ಟು ತಪ್ಪಿದರೆ ಮುಂದಿನದೆಲ್ಲ ತಪ್ಪು. ಸ್ಟಾಪ್ ತೂರಿಸಿ, ಮುಂದಕ್ಕೆ ಮೆಲ್ಲಗೆ ಸುತ್ತಿಸಿ ಪಿಸ್ಟನ್ ತಾಗುವಲ್ಲಿ ಓದು. ಆಮೇಲೆ ಹಿಂದಕ್ಕೆ ಹೆಚ್ಚುಕಡಿಮೆ ಒಂದು ಸುತ್ತು, ಮತ್ತೆ ತಾಗುವಲ್ಲಿ ಓದು. ಸೊನ್ನೆಯ ಒಂದು ಬದಿ 28, ಇನ್ನೊಂದು ಬದಿ 34 ಬಂತೆನ್ನಿ. ಒಟ್ಟು 62, ಅರ್ಧ 31. ಮುಳ್ಳನ್ನು 3 ಡಿಗ್ರಿ ಸರಿಸಿ ಎರಡೂ ಬದಿ 31 ಬರುವವರೆಗೆ ಮತ್ತೆ ನೋಡಿ. ಮುಳ್ಳು ದಪ್ಪ ತಂತಿಯದಾಗಿರಲಿ, ತುದಿ ಉಜ್ಜಿ ಸೂಜಿಯಾಗಿಸಿ. ತಾಗಿಸುವಾಗ ಕೈಬಲ ಬೇಡ. ಪ್ಲಗ್ ತೂತು ಓರೆ, ಬೋಲ್ಟ್ ಪಿಸ್ಟನ್‌ನ ಗುಮ್ಮಟಕ್ಕೆ ಅಡ್ಡಡ್ಡ ತಾಗುತ್ತದೆ. ಓದು ಮುಗಿದ ತಕ್ಷಣ ಸ್ಟಾಪ್ ಹೊರಗೆ.

ಅಳತೆ

ಟಿ120ಕ್ಕೆ ಕಾರ್ಖಾನೆಯ ಅಂಕಿ: ಇನ್‌ಲೆಟ್ ತೆರೆಯುವುದು ಟಿಡಿಸಿಗೆ 34 ಡಿಗ್ರಿ ಮುಂಚೆ, ಮುಚ್ಚುವುದು ಬಿಡಿಸಿ (ಪಿಸ್ಟನ್‌ನ ಕೆಳತುದಿ) ಆಗಿ 55ಕ್ಕೆ. ಎಕ್ಸಾಸ್ಟ್ ತೆರೆಯುವುದು ಬಿಡಿಸಿಗೆ 55 ಮುಂಚೆ, ಮುಚ್ಚುವುದು ಟಿಡಿಸಿ ಆಗಿ 34ಕ್ಕೆ. 360ರ ಚಕ್ರದಲ್ಲಿ ಇವು 326, 235, 125, 34. ಈ ನಾಲ್ಕೂ ಅಂಕಿ ಟ್ಯಾಪೆಟ್ ಗ್ಯಾಪ್ (ವಾಲ್ವ್‌ಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಸಂದು) 0.020 ಇಂಚು, ಅಂದರೆ 0.5 ಮಿ.ಮೀ. ಇಟ್ಟಾಗ ಮಾತ್ರ. ಓಡಿಸುವ ಗ್ಯಾಪ್ ಇನ್‌ಲೆಟ್‌ಗೆ 0.002 ಇಂಚು, ಎಕ್ಸಾಸ್ಟ್‌ಗೆ 0.004; ಅದೇ ಗ್ಯಾಪ್‌ನಲ್ಲಿ ಅಳೆದು ಪುಸ್ತಕದ ಅಂಕಿ ಬರಲಿಲ್ಲವೆಂದು ಗೇರ್ ಕಿತ್ತವರು ಬಹಳ. ಕ್ಯಾಮ್‌ನ ಬುಡದ ಇಳಿಜಾರು ತೀರಾ ಮೆಲ್ಲಗಿರುವುದರಿಂದ ಅಷ್ಟು ಸಣ್ಣ ಗ್ಯಾಪ್‌ನಲ್ಲಿ ತೆರೆಯುವ ಬಿಂದು ಹತ್ತಾರು ಡಿಗ್ರಿ ಹರಡಿಕೊಂಡಿರುತ್ತದೆ. 0.020 ಗ್ಯಾಪ್ ಆ ಮಸುಕನ್ನು ದಾಟಿ ಇಳಿಜಾರು ಕಡಿದಾಗುವ ಜಾಗಕ್ಕೆ ಅಳತೆಯನ್ನು ತರುತ್ತದೆ. ಇದೇ ಕುಟುಂಬದ ಬೇರೆ ಮಾದರಿಗಳಿಗೆ, ಬೇರೆ ಕ್ಯಾಮ್‌ಗಳಿಗೆ ಅಂಕಿ ಬೇರೆ. ಹೊಸ ಕ್ಯಾಮ್ ಕೊಂಡಿದ್ದರೆ ಅದರ ಜೊತೆ ಬಂದ ಚೀಟಿಯೇ ಪ್ರಮಾಣ, ಎಷ್ಟು ಗ್ಯಾಪ್‌ನಲ್ಲಿ ಅಥವಾ ಎಷ್ಟು ಲಿಫ್ಟ್‌ನಲ್ಲಿ (ವಾಲ್ವ್ ಎಷ್ಟು ತೆರೆದಾಗ) ಅಳೆಯಬೇಕೆಂಬುದೂ ಅದರಲ್ಲೇ.

ಡಯಲ್ ಗೇಜ್‌ನ ಕಾಲು ವಾಲ್ವ್ ಸ್ಪ್ರಿಂಗ್‌ನ ಮೇಲಿನ ತಟ್ಟೆಯ ಮೇಲೆ, ವಾಲ್ವ್ ಕಾಂಡಕ್ಕೆ ಸಮಾನಾಂತರವಾಗಿ ಕೂರಲಿ. ಗ್ಯಾಪ್ 0.020 ಇಟ್ಟು ಮುಂದಕ್ಕೆ ಸುತ್ತಿಸುತ್ತಾ ಹೋಗಿ. ಗೇಜ್ ಮುಳ್ಳು ಅಲುಗಿದ ಕ್ಷಣ ತೆರೆದದ್ದು, ಮತ್ತೆ ಸೊನ್ನೆಗೆ ಬಂದು ನಿಂತದ್ದು ಮುಚ್ಚಿದ್ದು. ದಾಟಿ ಹೋದರೆ ಅಲ್ಲಿಂದಲೇ ಒಂದೆರಡು ಡಿಗ್ರಿ ಹಿಂದೆ ಬರಬೇಡಿ. 40 ಡಿಗ್ರಿ ಹಿಂದೆ ಹೋಗಿ ಮತ್ತೆ ಮುಂದಕ್ಕೆ ಬನ್ನಿ. ಇಲ್ಲದಿದ್ದರೆ ಗೇರ್ ಹಲ್ಲುಗಳ ನಡುವಿನ ಆಟ ಓದಿನಲ್ಲಿ ಸೇರಿಕೊಳ್ಳುತ್ತದೆ.

ಆ ಆಟದ ಇನ್ನೊಂದು ಚೇಷ್ಟೆ ಇದೆ. ಉಬ್ಬು ಏರುವಾಗ ಕ್ಯಾಮ್ ಹಿಂದಕ್ಕೆ ಜಗ್ಗುತ್ತದೆ. ತುದಿ ದಾಟಿದ ಮೇಲೆ ವಾಲ್ವ್ ಸ್ಪ್ರಿಂಗ್ ಅದನ್ನು ಮುಂದಕ್ಕೆ ತಳ್ಳುತ್ತದೆ, ಹಲ್ಲು ಒಂದು ಮೈಯಿಂದ ಇನ್ನೊಂದು ಮೈಗೆ ಹಾರುತ್ತದೆ. ಸವೆದ ಗೇರ್‌ಗಳಲ್ಲಿ 'ಟಕ್' ಎಂದು ಕೇಳಿಸುವುದೂ ಉಂಟು. ಕ್ಯಾಮ್ ನಟ್‌ಗೆ ಸ್ಪ್ಯಾನರ್ ಹಾಕಿ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಮೆಲ್ಲಗೆ ತಡೆ ಕೊಟ್ಟು ಹಿಡಿದರೆ ಈ ನೆಗೆತ ನಿಲ್ಲುತ್ತದೆ. ನಟ್ ಉಲ್ಟಾ ಥ್ರೆಡ್ ಆದ್ದರಿಂದ ಆ ತಡೆ ಅದನ್ನು ಬಿಗಿಯುತ್ತದೆ, ಸಡಿಲಿಸುವುದಿಲ್ಲ.

ತೆರೆಯುವ-ಮುಚ್ಚುವ ಬಿಂದುವಿಗಿಂತ ನಂಬಿಕೆಯ ದಾರಿ ಉಬ್ಬಿನ ನಡುಬಿಂದು ಹುಡುಕುವುದು. ಇನ್‌ಲೆಟ್ ತೆರೆದಿರುವ ಒಟ್ಟು ಅವಧಿ 34+180+55, ಅಂದರೆ 269 ಡಿಗ್ರಿ. ಅದರ ಅರ್ಧ 134.5ರಿಂದ 34 ಕಳೆದರೆ 100.5. ಇನ್‌ಲೆಟ್ ಪೂರ್ತಿ ತೆರೆಯಬೇಕಾದದ್ದು ಟಿಡಿಸಿ ಆಗಿ 100.5 ಡಿಗ್ರಿಗೆ. ಎಕ್ಸಾಸ್ಟ್‌ನದೂ ಕನ್ನಡಿಯಲ್ಲಿ ನೋಡಿದಂತೆ ಅಷ್ಟೇ: ಟಿಡಿಸಿಗೆ 100.5 ಡಿಗ್ರಿ ಮುಂಚೆ. ಉಬ್ಬಿನ ತುದಿಯಲ್ಲಿ ಗೇಜ್ ಸೊನ್ನೆ ಮಾಡಿ, ಹಿಂದಕ್ಕೆ ಹೋಗಿ, ಮುಂದಕ್ಕೆ ಬರುತ್ತಾ ತುದಿಗೆ 1.00 ಮಿ.ಮೀ. ಬಾಕಿ ಇರುವಲ್ಲಿ ಡಿಗ್ರಿ ಬರೆದುಕೊಳ್ಳಿ. ತುದಿ ದಾಟಿ 1.00 ಮಿ.ಮೀ. ಇಳಿದಲ್ಲಿ ಇನ್ನೊಮ್ಮೆ. ಎರಡರ ಸರಾಸರಿಯೇ ನಡುಬಿಂದು. ಗ್ಯಾಪ್ ಸ್ವಲ್ಪ ಹೆಚ್ಚುಕಡಿಮೆ ಆದರೂ, ಗೇಜ್ ಚೂರು ಓರೆ ಕೂತರೂ ಈ ಸರಾಸರಿ ಅಲುಗುವುದಿಲ್ಲ.

ಎಡ, ಬಲ ಎರಡೂ ಸಿಲಿಂಡರ್ ಅಳೆಯಿರಿ. ಒಂದೇ ಕ್ಯಾಮ್‌ಶಾಫ್ಟ್‌ನ ಎರಡು ಉಬ್ಬುಗಳಲ್ಲಿ ಒಂದೆರಡು ಡಿಗ್ರಿ ವ್ಯತ್ಯಾಸ ಕಂಡರೆ ಬೇರೆ ಬೇರೆ ಸರಿಪಡಿಸುವ ದಾರಿಯಿಲ್ಲ, ಸರಾಸರಿಗೆ ಹೊಂದಿಸಬೇಕು. ಒಂದು ಬದಿಯ ಒಟ್ಟು ಲಿಫ್ಟ್ ಕಡಿಮೆ ಬಂದರೆ ಆ ಉಬ್ಬು ಸವೆದಿದೆ. ಟೈಮಿಂಗ್ ತಿದ್ದಿ ಅದನ್ನು ಮುಚ್ಚಲಾಗದು.

ಓದಿನ ಅರ್ಥ

ಇನ್‌ಲೆಟ್ ತೆರೆದದ್ದು 29ಕ್ಕೆ, ಮುಚ್ಚಿದ್ದು 60ಕ್ಕೆ ಎಂದುಕೊಳ್ಳಿ. ಕೂಡಿದರೆ 29+180+60, ಮತ್ತೆ 269. ಅವಧಿ ಸರಿಯಿದೆ, ಇಡೀ ಕ್ಯಾಮ್ 5 ಡಿಗ್ರಿ ತಡವಾಗಿದೆ. ನಡುಬಿಂದುವಿನ ಓದು 72 ಮತ್ತು 139, ಸರಾಸರಿ 105.5. ಎರಡು ದಾರಿಯೂ ಒಂದೇ ಮಾತು ಹೇಳುತ್ತಿವೆ. ಹಾಗೆ ಹೇಳದಿದ್ದರೆ ಎಲ್ಲೋ ಅಳತೆ ತಪ್ಪಿದೆ, ಗೇರ್‌ಗೆ ಕೈ ಹಾಕಬೇಡಿ.

ಅವಧಿಯೇ 255 ಅಥವಾ 280 ಬಂದರೆ ಅದು ಟೈಮಿಂಗ್ ದೋಷವಲ್ಲ. ಗ್ಯಾಪ್ ತಪ್ಪಿರಬೇಕು, ಅಥವಾ ಕ್ಯಾಮ್ ಬೇರೆಯದು, ಅಥವಾ ಟ್ಯಾಪೆಟ್‌ನ ಪಾದ ಬೇರೆ ತ್ರಿಜ್ಯದ್ದು. ಟ್ರಯಂಫ್ ಟ್ಯಾಪೆಟ್‌ಗಳ ಪಾದ ಬಾಗಿರುತ್ತದೆ. ಮುಕ್ಕಾಲು ಇಂಚು ತ್ರಿಜ್ಯದ್ದೂ ಒಂದೂಕಾಲಿಗೆ ತುಸು ಕಡಿಮೆ, 1 1/8 ಇಂಚಿನದ್ದೂ ಇವೆ. ಅದೇ ಕ್ಯಾಮ್ ಮೇಲೆ ಈ ಎರಡು ಬೇರೆ ಬೇರೆ ಅವಧಿ ಕೊಡುತ್ತವೆ.

ಎಕ್ಸಾಸ್ಟ್‌ನ ನಡುಬಿಂದುವಿಗೆ ಟಿಡಿಸಿಗೆ ಮುಂಚಿನ 134 ಮತ್ತು 71 ಬಂದಿದೆ ಎನ್ನಿ, ಸರಾಸರಿ 102.5. ಎರಡು ಡಿಗ್ರಿ ಬೇಗ. 4.8 ಹಿಂದೆ ಸರಿಸಿದರೆ 97.7 ಆಗುತ್ತದೆ, 2.8 ತಡ. ಮುಟ್ಟದೆ ಬಿಡಿ. ಇನ್‌ಲೆಟ್ ಮಾತ್ರ ಒಂದು ಮೆಟ್ಟಿಲು ಮುಂದೆ: 105.5ರಿಂದ 100.7ಕ್ಕೆ.

ಎರಡೂ ವಾಲ್ವ್ ಸ್ವಲ್ಪ ಸ್ವಲ್ಪ ತೆರೆದಿರುವ ಟಿಡಿಸಿಯಲ್ಲಿ ಎಂಜಿನ್ ನಿಲ್ಲಿಸಿ ಇನ್‌ಲೆಟ್, ಎಕ್ಸಾಸ್ಟ್ ಲಿಫ್ಟ್ ಹೋಲಿಸುವುದು ಚಟ್ಟನೆ ಮಾಡುವ ಪರೀಕ್ಷೆ. ಅವಧಿ, ನಡುಬಿಂದು ಎರಡೂ ಸಮವಾಗಿರುವ ಈ ಜೋಡಿಯಲ್ಲಿ ಎರಡು ಲಿಫ್ಟ್‌ಗಳು ಹೆಚ್ಚುಕಡಿಮೆ ಸಮ ಬರಬೇಕು. ಮೇಲಿನ ಉದಾಹರಣೆಯಲ್ಲಿ ಇನ್‌ಲೆಟ್ ಗಣನೀಯವಾಗಿ ಕಡಿಮೆ ತೋರಿಸುತ್ತದೆ. ಆದರೆ ಎರಡೂ ಕ್ಯಾಮ್ ಎದುರುಬದುರಾಗಿ ಸಮನಾಗಿ ತಪ್ಪಿದ್ದರೂ, ಇನ್‌ಲೆಟ್ ಬೇಗ ಎಕ್ಸಾಸ್ಟ್ ತಡ ಆಗಿದ್ದರೂ, ಲಿಫ್ಟ್ ಸಮವೇ ಬರುತ್ತದೆ. ಆದ್ದರಿಂದ ಇದೊಂದನ್ನೇ ನೆಚ್ಚಬೇಡಿ.

ಕೀವೇ ಬದಲಿಸುವುದು

ಮೊದಲು ನಾಲ್ಕೂ ಟ್ಯಾಪೆಟ್ ಅಡ್ಜಸ್ಟರ್ ಪೂರ್ತಿ ಸಡಿಲಿಸಿ. ಸ್ಪ್ರಿಂಗ್ ಒತ್ತಡದಲ್ಲಿದ್ದರೆ ಗೇರ್ ಬಿಟ್ಟ ಕೂಡಲೇ ಕ್ಯಾಮ್ ತಾನಾಗಿ ಚಿಮ್ಮಿ ತಿರುಗುತ್ತದೆ. ಕ್ರ್ಯಾಂಕ್ ಟಿಡಿಸಿಯಲ್ಲಿ, ಅಲುಗದಂತೆ. ಇಡ್ಲರ್ ಹೊರತೆಗೆಯಿರಿ. ನಟ್, ಪುಲ್ಲರ್, ಗೇರ್ ಹೊರಗೆ.

ಗೇರನ್ನು ಮೇಜಿನ ಮೇಲೆ ಹೊರಮೈ ಮೇಲಾಗಿ ಇಡಿ. ಸ್ಕೇಲನ್ನು ಗೇರಿನ ನಡುವಿನಿಂದ ಕೆಂಪು ಹಚ್ಚಿದ ಕೀವೇಯ ಮಧ್ಯಕ್ಕೆ ನೇರ ಹಿಡಿದು, ಅಂಚಿನಲ್ಲಿ ಅದು ಹಲ್ಲಿನ ಯಾವ ಜಾಗಕ್ಕೆ ಬೀಳುತ್ತದೆ ನೋಡಿ. ಉಳಿದೆರಡು ಕೀವೇಗೂ ಹಾಗೇ ಮಾಡಿ. ಒಂದರಲ್ಲಿ ಸ್ಕೇಲು ಮೊದಲಿನದಕ್ಕಿಂತ ಹಲ್ಲಿನ ಮೂರನೇ ಒಂದು ಭಾಗ ಪ್ರದಕ್ಷಿಣದ ಕಡೆ ಬೀಳುತ್ತದೆ, ಇನ್ನೊಂದರಲ್ಲಿ ಅಷ್ಟೇ ಅಪ್ರದಕ್ಷಿಣದ ಕಡೆ. ಕ್ಯಾಮ್ ತಿರುಗುವುದು ಬಲಗಡೆಯಿಂದ ನೋಡಿದರೆ ಪ್ರದಕ್ಷಿಣ. ಹಾಗಾಗಿ ಕೀವೇ ಪ್ರದಕ್ಷಿಣದ ಕಡೆ ಸರಿದದ್ದು ಕ್ಯಾಮನ್ನು ಬೇಗ ಮಾಡುತ್ತದೆ, ಅಪ್ರದಕ್ಷಿಣದ್ದು ತಡ. ನಮಗೆ ಬೇಕಾದದ್ದು ಬೇಗದ್ದು. ಅದಕ್ಕೆ ಇನ್ನೊಂದು ಬಣ್ಣ ಹಚ್ಚಿ.

ಗೇರನ್ನು ಹೊಸ ಕೀವೇಯಲ್ಲಿ ಕ್ಯಾಮ್ ಮೇಲೆ ಕೂರಿಸಿ ಇಡ್ಲರ್ ಹಾಕಲು ಹೋದರೆ ಹಲ್ಲು ಹಲ್ಲಿಗೆ ಬೀಳುವುದಿಲ್ಲ, ಆ ಮೂರನೇ ಒಂದು ಭಾಗ ಅಡ್ಡ ಬರುತ್ತದೆ. ಗೇರನ್ನು ಪ್ರದಕ್ಷಿಣವಾಗಿ ಸ್ವಲ್ಪ ತಿರುಗಿಸಿದರೆ ಇಡ್ಲರ್ ಕಚ್ಚುತ್ತದೆ. ಹಿಂದಕ್ಕೆ ತಿರುಗಿಸಿದರೂ ಕಚ್ಚುತ್ತದೆ, ಆದರೆ ಆಗ ಮೂರನೇ ಎರಡು ಭಾಗ ತಡವಾಗಿ, 9.6 ಡಿಗ್ರಿ ತಪ್ಪು ದಿಕ್ಕಿಗೆ. ಗೇರ್ ಸುಲಭವಾಗಿ ಯಾವ ಕಡೆ ಬಿತ್ತೋ ಅದೇ ಸರಿ ಎಂದು ಬಿಡುವುದರಿಂದಲೇ ಈ ಕೆಲಸ ಎರಡೆರಡು ಸಲ ಮಾಡಬೇಕಾಗುವುದು. ಈ ಗೇರಿನ ಮೇಲಿನ ಕಾರ್ಖಾನೆಯ ಗುರುತು ಇನ್ನು ಮುಂದೆ ಲೆಕ್ಕಕ್ಕಿಲ್ಲ. ಹೊಸ ಗುರುತನ್ನು ಚಾಣದಿಂದಲ್ಲ, ಎಲೆಕ್ಟ್ರಿಕ್ ಪೆನ್ನಿನಿಂದ ಕೆತ್ತಿ. ಏಟು ಬಿದ್ದ ಹಲ್ಲಿನ ಗೇರ್ ಊಳಿಡುತ್ತದೆ.

ಗೇರ್ ಬಿಗಿಯಾಗಿ ಕೂರುವಂಥದ್ದು. ಸುತ್ತಿಗೆಯಿಂದ ಬಡಿದರೆ ಏಟು ಕ್ಯಾಮ್‌ಶಾಫ್ಟ್ ಮೂಲಕ ಎಡತುದಿಗೆ ಹೋಗುತ್ತದೆ. 1960ರ ದಶಕದ ಎಂಜಿನ್‌ಗಳಲ್ಲಿ ಇನ್‌ಲೆಟ್ ಕ್ಯಾಮ್‌ನ ಆ ತುದಿಯಲ್ಲೇ ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಬಿಲ್ಲೆ, ಅದರ ಸ್ಪ್ರಿಂಗ್ ಇರುವುದು. ಗೇರನ್ನು ಬಿಸಿ ಮಾಡಿ, ನೀರ ಹನಿ ಚುರ್ ಎನ್ನುವಷ್ಟು ಸಾಕು, ತೊಗಲಿನ ಕೈಗವಸು ಹಾಕಿ ಒತ್ತಿ ಕೂರಿಸಿ.

ಆಮೇಲೆ ಎಲ್ಲ ಅಳತೆ ಮೊದಲಿಂದ, ಟಿಡಿಸಿಯಿಂದಲೇ. ನಡುಬಿಂದು 100.7ರ ಆಸುಪಾಸು ಬರಬೇಕು; 110 ದಾಟಿದ್ದರೆ ಗೇರ್ ತಪ್ಪು ದಿಕ್ಕಿಗೆ ಬಿದ್ದಿದೆ.

ಪಿಸ್ಟನ್‌ಗೂ ವಾಲ್ವ್‌ಗೂ ನಡುವೆ

ಇನ್‌ಲೆಟ್ ಬೇಗ ಮಾಡಿದಷ್ಟೂ ಏರಿ ಬಂದ ಪಿಸ್ಟನ್‌ಗೆ ಅದು ಹತ್ತಿರವಾಗುತ್ತದೆ, ಎಕ್ಸಾಸ್ಟ್ ತಡ ಮಾಡಿದಷ್ಟೂ ಅದೂ ಹಾಗೆಯೇ. ಮೂಲ ಪಿಸ್ಟನ್, ಮೂಲ ಕ್ಯಾಮ್ ಇದ್ದರೆ 4.8 ಡಿಗ್ರಿಗೆ ಭಯವಿಲ್ಲ. ಹೈ ಕಂಪ್ರೆಷನ್ ಪಿಸ್ಟನ್ ಇದ್ದರೆ ಅಥವಾ ತಲೆ, ಬ್ಯಾರೆಲ್ ಉಜ್ಜಿಸಿದ್ದರೆ ನೋಡಲೇಬೇಕು. ಚೈನ್‌ನಿಂದ ತಿರುಗುವ ಓವರ್‌ಹೆಡ್ ಕ್ಯಾಮ್ ಎಂಜಿನ್‌ಗಳಲ್ಲಿ ತಲೆ ಉಜ್ಜಿದರೆ ಟೈಮಿಂಗೇ ತಡವಾಗುತ್ತದೆ. ಈ ಗೇರ್ ಎಂಜಿನ್ನಿನಲ್ಲಿ ಟೈಮಿಂಗ್ ಅಲುಗದು, ಈ ಅಂತರ ಮಾತ್ರ ಕುಗ್ಗುತ್ತದೆ.

ತಲೆ ತೆಗೆದಿರುವಾಗಲೇ ಪಿಸ್ಟನ್ ಮೇಲೆ ವಾಲ್ವ್ ಬೀಳುವ ಜಾಗದಲ್ಲಿ ಮಕ್ಕಳ ಆಟದ ಜೇಡಿಯನ್ನು ಬೆರಳಗಲ ಮೆತ್ತಿ, ಮೇಲೆ ತುಸು ಎಣ್ಣೆ ಸವರಿ, ಹಳೆಯ ಗ್ಯಾಸ್ಕೆಟ್ ಹಾಕಿ ತಲೆ ಬಿಗಿದು ಓಡಿಸುವ ಗ್ಯಾಪ್ ಇಟ್ಟು ಎರಡು ಪೂರ್ತಿ ಸುತ್ತು ಸುತ್ತಿಸಿ. ಬಿಚ್ಚಿ ಜೇಡಿಯನ್ನು ಬ್ಲೇಡಿನಿಂದ ಕೊಯ್ದು ಅತಿ ತೆಳ್ಳನೆಯ ಜಾಗ ಅಳೆಯಿರಿ. ಇನ್‌ಲೆಟ್‌ಗೆ ಒಂದೂವರೆ ಮಿ.ಮೀ., ಎಕ್ಸಾಸ್ಟ್‌ಗೆ ಎರಡು ಮಿ.ಮೀ.ಗಿಂತ ಕಡಿಮೆಯಿದ್ದರೆ ಎಂಜಿನ್ ಜೋಡಿಸಬೇಡಿ. ಎಕ್ಸಾಸ್ಟ್‌ಗೆ ಹೆಚ್ಚು ಬೇಕಾಗುವುದು ಅದು ಹೆಚ್ಚು ಕಾಯ್ದು ಹೆಚ್ಚು ಉದ್ದವಾಗುವುದರಿಂದ. ಪಿಸ್ಟನ್ ಅದನ್ನು ಬೆನ್ನಟ್ಟಿ ಬರುವುದೂ ನಿಜ. ವಾಲ್ವ್ ಕ್ಯಾಮ್‌ಗಿಂತ ಹಿಂದೆ ಬಿದ್ದರೆ ಮೊದಲು ಪೆಟ್ಟು ತಿನ್ನುವುದು ಅದೇ.

ಮುಚ್ಚುವುದು

ಕಾಂಟ್ಯಾಕ್ಟ್ ಬ್ರೇಕರ್ ಎಕ್ಸಾಸ್ಟ್ ಕ್ಯಾಮ್ ತುದಿಯಲ್ಲಿರುವುದರಿಂದ ಎಕ್ಸಾಸ್ಟ್ ಕ್ಯಾಮನ್ನು 4.8 ಡಿಗ್ರಿ ಬೇಗ ಮಾಡಿದರೆ ಸ್ಪಾರ್ಕೂ ಅಷ್ಟೇ ಬೇಗ ಹೋಗುತ್ತದೆ. ಪೂರ್ತಿ ಅಡ್ವಾನ್ಸ್ 38 ಡಿಗ್ರಿ ಇರಬೇಕಾದಲ್ಲಿ 43ರ ಹತ್ತಿರ ಬಂದರೆ ಏರಿನಲ್ಲಿ ಎಂಜಿನ್ ಕಟಕಟ ಎನ್ನುತ್ತದೆ, ಕೇಳಿಸಿಕೊಳ್ಳದಿದ್ದರೆ ಪಿಸ್ಟನ್ ತೂತಾಗುತ್ತದೆ. ಕ್ಯಾಮ್ ಮುಟ್ಟಿದ ಮೇಲೆ ಬೇಸ್ ಪ್ಲೇಟಿನ ಹಳೆಯ ಗೀರನ್ನು ನಂಬಬಾರದು. ಪಾಯಿಂಟ್ ಗ್ಯಾಪ್ 0.015 ಇಂಚು ಇಟ್ಟು, ಅಡ್ವಾನ್ಸ್ ಯೂನಿಟ್ ಪೂರ್ತಿ ತೆರೆದು ಬಿಗಿದು, ಹೇಗೂ ಡಿಗ್ರಿ ಚಕ್ರ ಕೂತಿದೆ, ಎರಡೂ ಸಿಲಿಂಡರಿಗೆ ಬೇರೆ ಬೇರೆಯಾಗಿ 38 ಹೊಂದಿಸಿ.

ಟೈಮಿಂಗ್ ಕವರ್ ಒಳಗೆ ಕ್ರ್ಯಾಂಕ್ ತುದಿಯ ಎಣ್ಣೆ ಸೀಲ್ ಹೊಸದು ಹಾಕಿ. ಅದರ ತುಟಿ ಎಣ್ಣೆಯ ಒತ್ತಡ ಬರುವ ಕಡೆ ಮುಖ ಮಾಡಿರಬೇಕು. ಕವರ್ ತೂರಿಸುವಾಗ ತುಟಿ ಮಡಚಿಕೊಂಡರೆ ಎಣ್ಣೆ ಬಿಗ್ ಎಂಡ್‌ಗೆ (ಕನೆಕ್ಟಿಂಗ್ ರಾಡ್ ಕ್ರ್ಯಾಂಕ್‌ಗೆ ಸೇರುವ ಬೇರಿಂಗ್) ಹೋಗದೆ ಟೈಮಿಂಗ್ ಪೆಟ್ಟಿಗೆಗೆ ಸುರಿಯುತ್ತದೆ, ಹೊರಗೆ ಏನೂ ಕಾಣದು. ಕ್ರ್ಯಾಂಕ್ ತುದಿಗೂ ಎಕ್ಸಾಸ್ಟ್ ಕ್ಯಾಮ್ ತುದಿಗೂ ಮೊನಚು ಟೋಪಿ ಹಾಕಿ, ಎಣ್ಣೆ ಹಚ್ಚಿ, ಕವರ್ ನೇರ ತಳ್ಳಿ. ಆಯಿಲ್ ಪಂಪ್‌ಗೆ ಹೊಸ ಗ್ಯಾಸ್ಕೆಟ್, ಸೀಲೆಂಟ್ ಬೇಡ; ಹಿಂಡಿಬಂದ ಸೀಲೆಂಟ್ ಎಣ್ಣೆ ದಾರಿ ಮುಚ್ಚುತ್ತದೆ. ಪಂಪ್‌ಗೆ ಮೊದಲೇ ಎಣ್ಣೆ ತುಂಬಿಸಿ ಕೂರಿಸಿ.

ಟ್ಯಾಪೆಟ್ ಗ್ಯಾಪ್ ಎಂಜಿನ್ ಪೂರ್ತಿ ತಣ್ಣಗಿರುವಾಗ: ಒಂದು ಇನ್‌ಲೆಟ್ ಪೂರ್ತಿ ತೆರೆದಿರುವಾಗ ಇನ್ನೊಂದು ಸಿಲಿಂಡರಿನ ಇನ್‌ಲೆಟ್ 0.002, ಎಕ್ಸಾಸ್ಟ್‌ಗಳೂ ಹಾಗೇ 0.004. ಅಳತೆಗೆ ಇಟ್ಟಿದ್ದ 0.020 ಮರೆತು ಸ್ಟಾರ್ಟ್ ಮಾಡಿದರೆ ಎಂಜಿನ್ ಹೊಲಿಗೆ ಯಂತ್ರದಂತೆ ಸದ್ದು ಮಾಡಿ ತಾನೇ ನೆನಪಿಸುತ್ತದೆ.

ಪ್ಲಗ್ ಹಾಕುವ ಮುನ್ನ ಕೈಯಿಂದ ನಾಲ್ಕು ಸುತ್ತು, ಆಮೇಲೆ ಎಣ್ಣೆ ಟ್ಯಾಂಕ್‌ಗೆ ವಾಪಸ್ ಬೀಳುವುದು ಕಾಣುವವರೆಗೆ ಕಿಕ್. ಸ್ಟಾರ್ಟ್ ಆದ ಮೇಲೆ ಕಾರ್ಬ್ಯುರೇಟರ್‌ನಲ್ಲಿ ಸೀನಿದರೆ ಮೊದಲು ಎಡ-ಬಲ ಪ್ಲಗ್ ವೈರ್ ಅದಲುಬದಲಾಗಿದೆಯೇ ನೋಡಿ; 360 ಡಿಗ್ರಿ ಟ್ವಿನ್‌ನಲ್ಲಿ ಪಿಸ್ಟನ್ ಎರಡೂ ಮೇಲೇ ಇರುವುದರಿಂದ ಈ ತಪ್ಪು ಸುಲಭ. ಕಿಕ್ ಪೊಳ್ಳಾಗಿ ಹೋಗುತ್ತಿದ್ದು, ಕಂಪ್ರೆಷನ್ ಎರಡೂ ಬದಿ ಸಮನಾಗಿ ಕಡಿಮೆಯಿದ್ದರೆ ಇನ್‌ಲೆಟ್ ಒಂದು ಹಲ್ಲು ತಡವಾಗಿ ಕೂತಿರುವ ಸಂಭವವೇ ಹೆಚ್ಚು. ಒಂದೇ ಬದಿ ಕಡಿಮೆಯಿದ್ದರೆ ಅದು ಕ್ಯಾಮ್ ಟೈಮಿಂಗ್ ಅಲ್ಲ, ಆ ಬದಿಯ ವಾಲ್ವ್ ಅಥವಾ ರಿಂಗ್. ಮೊದಲ ಸಲ ಚೆನ್ನಾಗಿ ಕಾಯ್ದು ಒಂದು ರಾತ್ರಿ ತಣಿದ ಮೇಲೆ ತಲೆಯ ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿದು, ಆಮೇಲೆ ಟ್ಯಾಪೆಟ್ ಗ್ಯಾಪ್ ಇನ್ನೊಮ್ಮೆ. ಈ ಕ್ರಮ ತಿರುವುಮುರುವಾಗಬಾರದು, ಬೋಲ್ಟ್ ಬಿಗಿದಾಗ ತಲೆ ಕೂತು ಗ್ಯಾಪ್ ಬದಲಾಗುತ್ತದೆ.